ಕೂತು ಮಾತಾಡುವವರ ಊರು ಚೆಂಗ್ಡು

ಬೆಂಗಳೂರಿಗೂ ಚೀನಾದ ಚೆಂಗ್ಡು ನಗರಕ್ಕೂ ಒಂದು ನಂಟಿದೆ. ಇವೆರಡೂ ಸೋದರಿ ನಗರಗಳು ಅಂತ 2013ರಲ್ಲಿ ಒಪ್ಪಂದವಾಗಿದೆ. ಬೀಜಿಂಗ್, ಶಾಂಘೈ ಬಿಟ್ಟು ನಾನು ಮೊದಲು ಸಿಚುವಾನ್ ಪ್ರಾಂತ್ಯದ ಈ ರಾಜಧಾನಿಗೆ ಹೋಗಿದ್ದಕ್ಕೆ ಅದೂ ಒಂದು ಕಾರಣ. ಎರಡು ಕೋಟಿ ದಾಟಿದ ಜನ, ಸಾಫ್ಟ್‌ವೇರ್ ಕಂಪನಿಗಳು, ಕೆಲಸ ಹುಡುಕಿ ಬಂದ ಯುವಕರು. ಕೇಳಿದರೆ ನಮ್ಮೂರೇ ಅನ್ನಿಸುತ್ತದೆ, ಅಲ್ವಾ? ಹೋಗಿ ನೋಡಿದಾಗ ದಿನದ ಬದುಕೇ ಬೇರೆ.

ನಾನು ಹೋದದ್ದು ನವೆಂಬರ್‌ನಲ್ಲಿ. ಬೆಳಿಗ್ಗೆ ಏಳಾದರೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಇಡೀ ಚೀನಾಕ್ಕೆ ಬೀಜಿಂಗ್ ಸಮಯ ಒಂದೇ. ಚೆಂಗ್ಡು ತುಂಬಾ ಪಶ್ಚಿಮಕ್ಕಿದೆ, ಹಾಗಾಗಿ ಇಲ್ಲಿ ಸೂರ್ಯ ಹುಟ್ಟುವುದು ತಡ. ಸುತ್ತ ಬೆಟ್ಟಗಳಿರುವ ತಗ್ಗು ನೆಲವಾದ್ದರಿಂದ ಮೋಡವೂ ಜಾಸ್ತಿ. ಆ ಮಬ್ಬಿನಲ್ಲೇ ಜನ ಕೆಲಸಕ್ಕೆ ಹೊರಟಿದ್ದರು. ರಸ್ತೆ ತುಂಬಾ ಸ್ಕೂಟರ್‌ಗಳು, ಆದರೆ ಸದ್ದಿಲ್ಲ. ಎಲ್ಲವೂ ಬ್ಯಾಟರಿಯವು. ಚಳಿ ತಡೆಯಲು ಹ್ಯಾಂಡಲ್‌ಗೆ ದಪ್ಪ ರಜಾಯಿ ಕಟ್ಟಿಕೊಂಡು, ಅದರೊಳಗೆ ಕೈ ತೂರಿಸಿ ಓಡಿಸುತ್ತಾರೆ. ಅವಕ್ಕೂ ಸೈಕಲ್‌ಗೂ ಎಂದೇ ರಸ್ತೆಯ ಬದಿಯಲ್ಲಿ ಬೇರೆ ದಾರಿಯಿದೆ. ಹೊಗೆಯ ವಾಸನೆಯಿಲ್ಲದ ಬೆಳಗಿನ ಟ್ರಾಫಿಕ್ ನೋಡಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಬೀದಿ ಬದಿಯಲ್ಲಿ ಬಿದಿರಿನ ಬುಟ್ಟಿಗಳಿಂದ ಹಬೆ ಏಳುತ್ತಿತ್ತು. ಒಳಗೆ ಬಾವೋಜಿ, ಅಂದರೆ ಹೂರಣ ತುಂಬಿ ಬೇಯಿಸಿದ ಮೆತ್ತನೆಯ ಉಂಡೆ. ಪಕ್ಕದಲ್ಲಿ ಬಿಸಿ ಸೋಯಾ ಹಾಲು, ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ತಿಂಡಿ ಯೌಟಿಯಾವ್. ನಗದು ದುಡ್ಡು ಕೊಡುವವರು ಯಾರೂ ಇಲ್ಲ. ಎಲ್ಲರೂ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದು ನಡೆಯುತ್ತಾರೆ. ಯುಪಿಐ ಬಳಸುವ ನಮಗೆ ಇದು ಹೊಸದಲ್ಲ. ಆದರೆ ಇಲ್ಲಿ ಫೋನ್ ಇಲ್ಲದೆ ಹೊರಗಿನವರಿಗೆ ಕೈಕಾಲೇ ಆಡುವುದಿಲ್ಲ. ಗೂಗಲ್ ಇಲ್ಲ, ವಾಟ್ಸಾಪ್ ಇಲ್ಲ. ಹೊರಡುವ ಮೊದಲೇ ದುಡ್ಡು ಕಟ್ಟುವ ಅಲಿಪೇ ಆ್ಯಪ್ ಹಾಕಿಕೊಂಡು, ಅದಕ್ಕೆ ನಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿಕೊಳ್ಳಬೇಕು. ಮೆಟ್ರೋ, ಟ್ಯಾಕ್ಸಿ, ತರಕಾರಿ ಎಲ್ಲವೂ ಅದರಲ್ಲೇ ನಡೆಯುತ್ತದೆ.

ಮೆಟ್ರೋ ಬಗ್ಗೆ ಹೇಳಲೇಬೇಕು. ಚೆಂಗ್ಡುವಿನ ಮೊದಲ ಮಾರ್ಗ ಶುರುವಾಗಿದ್ದು 2010ರಲ್ಲಿ, ನಮ್ಮ ಮೆಟ್ರೋ ಶುರುವಾಗಿದ್ದು 2011ರಲ್ಲಿ. ಒಂದೇ ವರ್ಷದ ಅಂತರ. ಇಂದು ಅವರದು 600 ಕಿ.ಮೀ. ದಾಟಿದೆ, ನಮ್ಮದು ನೂರರ ಆಸುಪಾಸಿನಲ್ಲಿದೆ. ಟಿಕೆಟ್ ಶುರುವಾಗುವುದು ಎರಡು ಯುವಾನ್‌ನಿಂದ, ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ರೂಪಾಯಿಯ ಹತ್ತಿರ. ಬೋಗಿಯಲ್ಲಿ ನಿಂತು ಆ ನಕ್ಷೆ ನೋಡುವಾಗ ಮನಸ್ಸಿಗೆ ಕಷ್ಟವಾಯಿತು. ನಮ್ಮ ಜನ ಸಿಲ್ಕ್ ಬೋರ್ಡ್ ಬಳಿ ಕಳೆಯುವ ಗಂಟೆಗಳು ನೆನಪಾದವು. ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಪ್ರತಿ ನಿಲ್ದಾಣದಲ್ಲೂ ಬ್ಯಾಗ್ ತಪಾಸಣೆ, ಎಲ್ಲಿ ನೋಡಿದರೂ ಕ್ಯಾಮೆರಾ. ರಾತ್ರಿ ಹನ್ನೊಂದಕ್ಕೆ ಹುಡುಗಿಯರು ಒಬ್ಬೊಬ್ಬರೇ ನಿಶ್ಚಿಂತೆಯಿಂದ ಮನೆಗೆ ನಡೆದು ಹೋಗುವುದನ್ನು ನೋಡಿ ಖುಷಿಯಾಯಿತು. ಯಾವಾಗಲೂ ಯಾರೋ ನೋಡುತ್ತಿದ್ದಾರೆ ಎಂಬ ಭಾವನೆ ಮಾತ್ರ ನನ್ನನ್ನು ಬಿಡಲಿಲ್ಲ.

ಊಟದ ವಿಷಯ. ಮಾಂಸ ತಿನ್ನದವರಿಗೆ ಇಲ್ಲಿ ಸುಲಭವಲ್ಲ. ಹೆಸರುವಾಸಿಯಾದ ಕೆಂಪು ಹಾಟ್‌ಪಾಟ್ ಸಾರನ್ನು ಮಾಡುವುದೇ ಸಾಮಾನ್ಯವಾಗಿ ದನದ ಕೊಬ್ಬಿನಲ್ಲಿ. ನನಗೆ ಒದಗಿ ಬಂದದ್ದು ವೆನ್‌ಶು ಬೌದ್ಧ ಮಠ. ಅದರ ಆವರಣದಲ್ಲೇ ಸಸ್ಯಾಹಾರದ ಊಟದ ಮನೆಯಿದೆ. ಅಲ್ಲಿ ತಿಂದ ಮಾಪೋ ತೋಫುವಿನಲ್ಲಿ, ಅಂದರೆ ಸೋಯಾ ಪನೀರಿನ ಖಾರದ ಪಲ್ಯದಲ್ಲಿ, ಖಾರದ ಜೊತೆ ನಾಲಿಗೆ ಜುಮ್ಮೆನ್ನಿಸುವ ಒಂದು ರುಚಿಯಿತ್ತು. ಅದು ಸಿಚುವಾನ್ ಮೆಣಸು. ನಮ್ಮ ಕರಾವಳಿಯ ಅಡುಗೆಗೆ ಹಾಕುವ ಜುಮ್ಮನಕಾಯಿ ಇದರ ಹತ್ತಿರದ ಸಂಬಂಧಿ. ಅಷ್ಟು ದೂರದಲ್ಲಿ ಆ ರುಚಿ ಸಿಕ್ಕಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ನನ್ನನ್ನು ನಿಜವಾಗಿ ಹಿಡಿದಿಟ್ಟದ್ದು ಊರ ನಡುವಿನ ಪೀಪಲ್ಸ್ ಪಾರ್ಕ್. 1911ರಿಂದ ಇರುವ ಪಾರ್ಕ್ ಇದು. ಒಳಗೆ ಕೆರೆ ದಂಡೆಯಲ್ಲಿ ಹೆಮಿಂಗ್ ಎಂಬ ಚಹಾ ಅಂಗಡಿ, ಅದೂ 1923ರದ್ದು. ಮರದ ಕೆಳಗೆ ನೂರಾರು ಬಿದಿರು ಕುರ್ಚಿಗಳು. ಮುಚ್ಚಳ, ತಟ್ಟೆ ಇರುವ ಬಟ್ಟಲಲ್ಲಿ ಮಲ್ಲಿಗೆಯ ಚಹಾ ತಂದಿಟ್ಟು, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್ ಇಡುತ್ತಾರೆ. ಒಂದು ಸಲ ಕಾಸು ಕೊಟ್ಟರೆ ಆಯಿತು. ನೀರು ಹೊಯ್ದುಕೊಳ್ಳುತ್ತಾ ಸಂಜೆಯವರೆಗೆ ಕೂರಬಹುದು. ಏಳಿ ಅನ್ನುವವರಿಲ್ಲ.

ಅಲ್ಲಿ ಕೂತವರಲ್ಲಿ ಹೆಚ್ಚಿನವರು ವಯಸ್ಸಾದವರು. ಒಂದು ಮೇಜಿನಲ್ಲಿ ಇಸ್ಪೀಟು, ಇನ್ನೊಂದರಲ್ಲಿ ಸುಮ್ನೆ ಹರಟೆ. ಕಿವಿ ಶುಚಿ ಮಾಡುವವರು ಕಬ್ಬಿಣದ ಚಿಮ್ಮಟಿಗೆಯನ್ನು ಟಿಂಗ್ ಎನ್ನಿಸುತ್ತಾ ಓಡಾಡುತ್ತಾರೆ. ಆಚೆ ಹೆಂಗಸರ ಗುಂಪು ಸ್ಪೀಕರ್ ಇಟ್ಟುಕೊಂಡು ಕುಣಿಯುತ್ತಿತ್ತು. ಒಬ್ಬರು ಉದ್ದನೆಯ ಕುಂಚವನ್ನು ನೀರಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಅಕ್ಷರ ಬರೆಯುತ್ತಿದ್ದರು. ನನ್ನ ಪಕ್ಕದ ಕುರ್ಚಿಯ ಅಜ್ಜ ಅನುವಾದದ ಆ್ಯಪ್ ಮುಂದೆ ಹಿಡಿದು, "ನಿಮ್ಮೂರಲ್ಲೂ ಖಾರ ತಿನ್ನುತ್ತೀರಾ? ಅಪ್ಪ ಅಮ್ಮ ನಿಮ್ಮ ಜೊತೆಗೇ ಇದ್ದಾರಾ?" ಎಂದು ಕೇಳಿದರು. ಎರಡಕ್ಕೂ ಹೌದು ಅಂದೆ. ಅವರು ನನ್ನ ಬಟ್ಟಲಿಗೆ ನೀರು ಹೊಯ್ದರು.

ಅವರ ಪ್ರಶ್ನೆಗೆ ಕಾರಣ ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಪಾರ್ಕಿನ ಇನ್ನೊಂದು ಮೂಲೆಯಲ್ಲಿ ಮದುವೆಗೆ ಗಂಡು ಹೆಣ್ಣು ಹುಡುಕುವ ಕಾಗದಗಳನ್ನು ಸಾಲಾಗಿ ಹಚ್ಚಿರುತ್ತಾರೆ. ವಯಸ್ಸು, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೇ ಇಲ್ಲವೇ, ಎಲ್ಲವೂ ಬರೆದಿರುತ್ತದೆ. ನಿಂತು ಓದುವವರು ಹುಡುಗ ಹುಡುಗಿಯರಲ್ಲ, ಅವರ ಅಪ್ಪ ಅಮ್ಮಂದಿರು. ಆ ಅಜ್ಜನ ಮಗಳು ದೂರದ ಶೆನ್‌ಜೆನ್ ನಗರದಲ್ಲಿ ಕೆಲಸದಲ್ಲಿದ್ದಾಳೆ, ಮೂವತ್ತಾಯಿತು, ಇನ್ನೂ ಒಪ್ಪಿಲ್ಲ. ಒಬ್ಬಳೇ ಮಗಳು. ಒಂದೇ ಮಗುವಿನ ನಿಯಮ 2015ರ ಕೊನೆಯವರೆಗೂ ಇತ್ತಲ್ಲ, ಅಲ್ಲಿ ನಿಂತಿದ್ದವರಲ್ಲಿ ಬಹುಪಾಲು ಜನರ ಕಥೆ ಹೀಗೇ ಇರಬೇಕು. ಮಕ್ಕಳು ದೂರದಲ್ಲಿದ್ದಾರೆ. ಮನೆಯಲ್ಲಿ ಯಾರೂ ಇಲ್ಲ. ಆದರೆ ಬೆಳಗಾದರೆ ಬಂದು ಕೂರಲು ಒಂದು ಜಾಗವಿದೆ, ಮಾತಿಗೆ ನಾಲ್ಕು ಜನರಿದ್ದಾರೆ. ನಮ್ಮೂರಿನ ಎಷ್ಟೋ ಪಾರ್ಕ್‌ಗಳಲ್ಲಿ 2024ರವರೆಗೆ ಮಧ್ಯಾಹ್ನ ಗೇಟಿಗೆ ಬೀಗ ಬೀಳುತ್ತಿತ್ತು. ಮಕ್ಕಳು ವಿದೇಶದಲ್ಲಿರುವ ನಮ್ಮ ಬೀದಿಯ ಹಿರಿಯರು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕಿತ್ತು?

ನೀವು ಹೋಗುವುದಾದರೆ ಮೆಟ್ರೋ ಎರಡನೇ ಮಾರ್ಗದಲ್ಲಿ ಪೀಪಲ್ಸ್ ಪಾರ್ಕ್ ನಿಲ್ದಾಣದಲ್ಲೇ ಇಳಿಯಿರಿ. ರಜೆಯ ದಿನ ಬೇಡ, ಪ್ರವಾಸಿಗರೇ ತುಂಬಿರುತ್ತಾರೆ. ವಾರದ ನಡುವೆ ಬೆಳಿಗ್ಗೆ ಬೇಗ ಹೋಗಿ. ಆಗ ಸಿಗುವವರು ಊರಿನವರು, ಅವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ.