ಮಳೆ ನಕ್ಷತ್ರ ನೋಡಬೇಕೆಂದರೆ ಫೆಬ್ರವರಿಯಲ್ಲಿ ನೋಡಿ

ನಮ್ಮ ಶಿರಸಿ ಕಡೆ ನಕ್ಷತ್ರಗಳ ಹೆಸರು ಬಾರದ ಮನೆಯಿಲ್ಲ. ರೋಹಿಣಿ, ಮೃಗಶಿರ, ಆರ್ದ್ರಾ, ಪುನರ್ವಸು... ಅಡಿಕೆ ಕೊನೆಗೆ ಔಷಧಿ ಹೊಡೆಯುವ ಮಾತು ಬಂದರೂ ಇವೇ ಹೆಸರುಗಳು. ಆದರೆ ಆಕಾಶದಲ್ಲಿ ಆರ್ದ್ರಾ ಎಲ್ಲಿದೆ ಎಂದು ಕೇಳಿದರೆ ಬೆರಳು ಮಾಡಿ ತೋರಿಸುವವರು ಕಡಿಮೆ. ಹೊಸದಾಗಿ ಆಕಾಶ ನೋಡಲು ಹೊರಟವರಿಗೆ ನಾನು ಹೇಳುವುದಿಷ್ಟೆ: ಟೆಲಿಸ್ಕೋಪು ಆಮೇಲಾಯಿತು, ಮೊದಲು ಮಳೆ ನಕ್ಷತ್ರಗಳನ್ನು ಹುಡುಕಿ.

ತೋಟದೊಳಗೆ ನಿಂತರೆ ಸೋಗೆ ಬಿಟ್ಟು ಬೇರೇನೂ ಕಾಣದು. ಗದ್ದೆ ಬಯಲಿಗೆ ಬನ್ನಿ. ಮೊಬೈಲ್ ಕಿಸೆಗೆ ಹಾಕಿ ಇಪ್ಪತ್ತು ನಿಮಿಷ ಸುಮ್ಮನೆ ಕೂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ಫೆಬ್ರವರಿ ರಾತ್ರಿ ಎಂಟರ ಸುಮಾರಿಗೆ ನೆತ್ತಿಯಿಂದ ತುಸು ದಕ್ಷಿಣಕ್ಕೆ ಮೂರು ಚುಕ್ಕಿ ಸಾಲಾಗಿ ನಿಂತಿರುತ್ತವೆ. ಅದು ಮಹಾವ್ಯಾಧನ, ಅಂದರೆ ಓರಿಯನ್ ಎಂಬ ಬೇಟೆಗಾರ ನಕ್ಷತ್ರಪುಂಜದ ಸೊಂಟಪಟ್ಟಿ. ಆ ಗೆರೆಯನ್ನು ವಾಯವ್ಯಕ್ಕೆ ಎಳೆದರೆ ರೋಹಿಣಿ, ಆಗ್ನೇಯಕ್ಕೆ ಎಳೆದರೆ ಲುಬ್ಧಕ. ಪಟ್ಟಿಯ ಈಶಾನ್ಯಕ್ಕೆ ಕೆಂಡದ ಬಣ್ಣದ್ದೊಂದು ಇದೆಯಲ್ಲ, ಅದೇ ಆರ್ದ್ರಾ. ಸೂರ್ಯನ ಜಾಗದಲ್ಲಿ ಅದನ್ನಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಅದರ ಹೊಟ್ಟೆಯೊಳಗೆ. 2019ರ ಕೊನೆಗೆ ಅದು ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಗಿತ್ತು. ಅದೇ ಉಗುಳಿದ ಧೂಳು ಅದಕ್ಕೇ ಅಡ್ಡ ಬಂದಿತ್ತು.

ಅಮ್ಮಮ್ಮನಿಗೆ ತೋರಿಸಿದಾಗ ಅವಳು ಕೇಳಿದ್ದು, "ಹಂಗಾರೆ ಆರ್ದ್ರೆ ಮಳೆ ಹೊಯ್ಯಕಾರೆ ಇದು ಎಲ್ಲಿ ಹೋಗ್ತು ತಂಗಿ?"

ಎಂಥ ಒಳ್ಳೆಯ ಪ್ರಶ್ನೆ! ಜೂನ್ 22ರ ಹೊತ್ತಿಗೆ ಸೂರ್ಯ ಆರ್ದ್ರೆಯ ದಿಕ್ಕಿಗೇ ಬಂದಿರುತ್ತಾನೆ. ಇಬ್ಬರೂ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಾರೆ, ಹಗಲಿನ ಬೆಳಕಿನಲ್ಲಿ ನಕ್ಷತ್ರ ಕಾಣುವುದಿಲ್ಲ. ಮೋಡವೇ ಇಲ್ಲದಿದ್ದರೂ ಆರ್ದ್ರಾ ಮಳೆಯಲ್ಲಿ ಆರ್ದ್ರಾ ನಕ್ಷತ್ರ ಸಿಗದು. ಸೂರ್ಯ 27 ನಕ್ಷತ್ರಗಳನ್ನು ವರ್ಷಕ್ಕೊಮ್ಮೆ ದಾಟುತ್ತಾನೆ, ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಆರು ತಿಂಗಳು ಬಿಟ್ಟು ಡಿಸೆಂಬರಿನಲ್ಲಿ ನೋಡಿ, ಅದೇ ಆರ್ದ್ರಾ ರಾತ್ರಿಯಿಡೀ ಆಕಾಶದಲ್ಲಿರುತ್ತದೆ. ನಮ್ಮ ಹಿರಿಯರು ಕಾಣದ ನಕ್ಷತ್ರದ ಮೇಲೆ ಮಳೆಗಾಲದ ಲೆಕ್ಕ ಕಟ್ಟಿದರಲ್ಲ, ಅದು ನನಗೆ ಇವತ್ತಿಗೂ ಸೋಜಿಗ.

ದಕ್ಷಿಣಕ್ಕೆ ತಿರುಗಿ ಕೈ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಅಂದರೆ ಹೆಚ್ಚುಕಡಿಮೆ ಹತ್ತು ಡಿಗ್ರಿ. ಫೆಬ್ರವರಿಯಲ್ಲಿ ದಿಗಂತದಿಂದ ಎರಡು ಮುಷ್ಟಿ ಮೇಲೆ ಅಗಸ್ತ್ಯ ಹೊಳೆಯುತ್ತಿರುತ್ತದೆ. ರಾತ್ರಿ ಆಕಾಶದ ನಕ್ಷತ್ರಗಳಲ್ಲಿ ಹೊಳಪಿನಲ್ಲಿ ಲುಬ್ಧಕ ಬಿಟ್ಟರೆ ಇದೇ. 1964ರಲ್ಲಿ ಮಂಗಳನತ್ತ ಹೊರಟ ಮ್ಯಾರಿನರ್ 4 ನೌಕೆ ದಿಕ್ಕು ತಪ್ಪದಿರಲು ಇದನ್ನೇ ಗುರಿಯಾಗಿಟ್ಟುಕೊಂಡಿತ್ತು. ಲಂಡನ್ನಿನಲ್ಲಿರುವವರಿಗೆ ಇದು ವರ್ಷವಿಡೀ ಕಾಣುವುದಿಲ್ಲ.

ಮೇ ಮೊದಲ ವಾರ ರಾತ್ರಿ ಹತ್ತಕ್ಕೆ, ದಕ್ಷಿಣದಲ್ಲಿ ಒಂದೂವರೆ ಮುಷ್ಟಿ ಎತ್ತರದಲ್ಲಿ ಶಿಲುಬೆಯಾಕಾರದ ನಕ್ಷತ್ರಪುಂಜ ತ್ರಿಶಂಕು ಸಿಗುತ್ತದೆ. ನಮ್ಮಲ್ಲಿ ಗುಡ್ಡ ಅಡ್ಡ ಬಂದೀತು. ಕಾರವಾರ, ಕುಮಟೆ ಕಡೆ ನೆಂಟರಿದ್ದರೆ ಅಮಾವಾಸ್ಯೆ ಆಸುಪಾಸಿನಲ್ಲಿ ಹೋಗಿ, ದಕ್ಷಿಣ ತೆರೆದಿರುವ ಕಡಲತೀರ ನೋಡಿಕೊಳ್ಳಿ.