ನಿಮಗೆ ಪರಿಚಯದವರಾ?

ಮೊನ್ನೆಯಿಂದ ಈ ಒಂದು ಪ್ರಶ್ನೆ ತಲೆ ಕೊರೀತಾ ಇದೆ.

ಕಚೇರಿಯೊಂದರ ಕೌಂಟರ್ ಮುಂದೆ ಉದ್ದ ಸಾಲು. ನನಗಿಂತ ಸ್ವಲ್ಪ ಮುಂದಿದ್ದ ವಯಸ್ಸಾದವರೊಬ್ಬರು ಗೋಡೆಗೆ ಕೈ ಕೊಟ್ಟರು, ಹಾಗೇ ಕುಸಿದರು. ಹೋಗಿ ಮಲಗಿಸಿ, ಕಾಲು ಎತ್ತಿ ಹಿಡಿದೆ. ತಲೆ ಸುತ್ತಿ ಬಿದ್ದವರಿಗೆ ಹಾಗೆ ಮಾಡಿದರೆ ಮೆದುಳಿಗೆ ರಕ್ತ ಬೇಗ ಹರಿಯುತ್ತದೆ. ಆಗ ಪಕ್ಕದಲ್ಲಿದ್ದ ವ್ಯಕ್ತಿ ಬಗ್ಗಿ ಕೇಳಿದರು, "ನಿಮಗೆ ಪರಿಚಯದವರಾ?"

ಇಲ್ಲ ಅಂದೆ. "ಓ" ಅಂದರು. ಆಶ್ಚರ್ಯಕ್ಕಿಂತ ಅನುಮಾನವೇ ಜಾಸ್ತಿ ಇತ್ತು ಅದರಲ್ಲಿ. ಪರಿಚಯ ಇಲ್ಲದವರ ಕಾಲು ಹಿಡಿದು ಕೂತವರಿಗೆ ಏನೋ ಲೆಕ್ಕಾಚಾರ ಇರಲೇಬೇಕು ಅನ್ನುವ ಹಾಗೆ. ಅಷ್ಟರಲ್ಲಿ ಸಾಲು ಒಂದು ಹೆಜ್ಜೆ ಮುಂದೆ ಹೋಗಿ, ಬಿದ್ದವರ ಜಾಗ ಭರ್ತಿಯಾಗಿತ್ತು! ನಗಬೇಕೋ ಬೈಯಬೇಕೋ ಗೊತ್ತಾಗಲಿಲ್ಲ.

ಅವರೆಲ್ಲ ಕಲ್ಲು ಮನಸ್ಸಿನವರು ಅಂತ ನನಗೆ ಅನ್ನಿಸುವುದಿಲ್ಲ. ಯಾಕೆಂದರೆ ಅದೇ ವ್ಯಕ್ತಿಗೆ "ನೀವು ಆ ಕುರ್ಚಿ ತನ್ನಿ" ಅಂದ ಕೂಡಲೇ ಓಡಿ ಹೋಗಿ ತಂದರು. ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದರೇನೋ. 1968ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಬೇರೆ ಕೋಣೆಯಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ನಟಿಸಿದ ಸದ್ದನ್ನು ಇಂಟರ್‌ಕಾಮ್‌ನಲ್ಲಿ ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ ಶೇ. 85 ಮಂದಿ ಆ ಫಿಟ್ಸ್ ನಿಲ್ಲುವ ಮುಂಚೆಯೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಶೇ. 31 ಮಾತ್ರ. ಏಳದೆ ಕೂತವರೂ ಆರಾಮಾಗಿ ಇರಲಿಲ್ಲ, ಹಲವರ ಕೈ ನಡುಗುತ್ತಿತ್ತಂತೆ. ಹಾಗಾಗಿ ಗುಂಪಿನಲ್ಲಿ "ಯಾರಾದರೂ ಬನ್ನಿ" ಅಂತ ಕೂಗಬೇಡಿ. ಒಬ್ಬರನ್ನೇ ತೋರಿಸಿ ಕೇಳಿ, ಬರುತ್ತಾರೆ.

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿದ್ದು ಆ ಹಿರಿಯರು. ಕಣ್ಣು ಬಿಟ್ಟು ಮೊದಲು ಹೇಳಿದ್ದು, "ಕ್ಷಮಿಸಿ, ನಿಮಗೆಲ್ಲ ತೊಂದರೆ ಕೊಟ್ಟೆ." ಮನೆಯವರಿಗೆ ಫೋನ್ ಮಾಡೋಣವಾ ಅಂದರೆ, "ಬೇಡ ಬೇಡ, ಮಗ ಕೆಲಸದಲ್ಲಿರ್ತಾನೆ." ತಲೆ ಸುತ್ತಿ ಬಿದ್ದಿದ್ದಕ್ಕೆ ಕ್ಷಮೆ! ಪರಿಚಯದವರಾ ಅಂತ ಯಾರಾದರೂ ಕೇಳುತ್ತಾರೆ ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತು ಅನ್ನಿಸಿತು. ಪರಿಚಯದ ಮಗನನ್ನು ಕರೆಯಲೂ ಸಂಕೋಚ. ಹಾಗಾದರೆ ಇವರು ಯಾರ ಹತ್ತಿರ ಧೈರ್ಯವಾಗಿ ಬೀಳಬೇಕು?

ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮಾತ್ರ ಹಿಂದಿನವರನ್ನು ಸರಿಸಿ, "ಇದು ಅಂಕಲ್ ಜಾಗ" ಅಂತ ಹಿಡಿದುಕೊಂಡು ನಿಂತಿದ್ದಳು. ಯಾರೂ ಹೇಳಿರಲಿಲ್ಲ. ಅಂದು ಆ ಸಾಲಿನಲ್ಲಿ ನನಗೆ ತುಂಬಾ ಇಷ್ಟವಾದವಳು ಅವಳೇ.

ಇನ್ನೊಬ್ಬರು ನನ್ನ ಬೆನ್ನು ತಟ್ಟಿ, "ಒಳ್ಳೇದು ಮಾಡಿದ್ರಿ, ನಾಳೆ ನಮಗೂ ಹೀಗೆ ಆಗಬಹುದು ಅಲ್ವಾ" ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಆದರೂ ಆ ಮಾತು ನನಗೆ ಸೇರುವುದಿಲ್ಲ. ನನಗೆ ಎಂದೂ ಬಾರದ ಕಾಯಿಲೆಗಳಿವೆ. ಮಕ್ಕಳಿಲ್ಲದವರಿಗೆ ಮಗು ಕಳೆದುಕೊಂಡವರ ಸಂಕಟ ಬರುವುದೇ ಇಲ್ಲ. ಅವರ ಕಷ್ಟ ನಮ್ಮ ಸರದಿಗೆ ಬಂದರೆ ಮಾತ್ರ ಲೆಕ್ಕಕ್ಕಾ? ಎದುರಿಗಿರುವವರಿಗೆ ನೋವಾಗುತ್ತಿದೆ. ನನಗೆ ಅಷ್ಟು ಕಾರಣ ಸಾಕು. ಸಾಲದು ಅನ್ನುವವರು ಯಾಕೆ ಸಾಲದು ಅಂತ ಹೇಳಲಿ, ಕೇಳೋಣ.