ಕರಡಿ ಬೇಟೆಗೆ ಯಾವ ಬಂದೂಕು?

ಅಮೆರಿಕದ ಮೇನ್ ರಾಜ್ಯದ ನನ್ನ ಗೆಳೆಯ ಈ ಸಲ ಕಪ್ಪು ಕರಡಿ ಬೇಟೆಗೆ ಸೆಮಿ ಆಟೋಮ್ಯಾಟಿಕ್ ರೈಫಲ್ (ಒಂದು ಗುಂಡು ಹಾರಿದ ಮೇಲೆ ಮುಂದಿನದು ತಾನೇ ತುಂಬಿಕೊಳ್ಳುವಂಥದ್ದು) ಹುಡುಕುತ್ತಿದ್ದಾನೆ. ನಾನು ಹೇಳಿದ್ದು ಬ್ರೌನಿಂಗ್ ಕಂಪನಿಯ ಬಿಎಆರ್ ಬೇಟೆ ರೈಫಲ್, .308 ಗುಂಡಿನದು. ಅಲ್ಲಿ ಹೆಚ್ಚಾಗಿ ತಿನಿಸು ಇಟ್ಟು ಕಾಯುತ್ತಾರೆ, ಹೊಡೆಯುವ ದೂರ ಸಾಮಾನ್ಯವಾಗಿ ನೂರು ಗಜವೂ ಇರುವುದಿಲ್ಲ, ಹಾಗಾಗಿ ದೊಡ್ಡ ಸ್ಕೋಪ್ ಸುಮ್ನೆ ಭಾರ. ಇಂಥ ರೈಫಲ್ಲಿನ ಮ್ಯಾಗಜೀನ್‌ನಲ್ಲಿ (ಗುಂಡು ತುಂಬುವ ಡಬ್ಬಿ) 5ಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಹಾಗಿಲ್ಲ, ಅದು ಅಲ್ಲಿನ ಕಾನೂನು. ಪೆನ್ಸಿಲ್ವೇನಿಯಾದಲ್ಲಂತೂ ಕರಡಿಗೆ ಸೆಮಿ ಆಟೋ ರೈಫಲ್ಲೇ ಕೂಡದು.

ಎರಡನೇ ಗುಂಡು ಬೇಗ ಹಾರುತ್ತದೆ ಅನ್ನುವ ಧೈರ್ಯದಲ್ಲಿ ಮೊದಲನೆಯದಕ್ಕೆ ಅವಸರ ಮಾಡಬೇಡ ಎಂದು ಅವನಿಗೆ ಮತ್ತೆ ಮತ್ತೆ ಹೇಳಿದೆ. ಗಾಯಗೊಂಡ ಕರಡಿ ಕತ್ತಲ ಕಾಡಿನಲ್ಲಿ ನರಳುವುದನ್ನು ನೆನೆದರೇ ಹೊಟ್ಟೆ ಕಿವುಚುತ್ತದೆ. ಹಂಪಿ ಹತ್ತಿರದ ದರೋಜಿ ಕರಡಿಧಾಮದ ಬಂಡೆಗಳ ಮೇಲಿಂದ ಸಂಜೆ ಮರಿಗಳನ್ನು ಬೆನ್ನ ಮೇಲೆ ಹೊತ್ತು ಇಳಿಯುವ ಕರಡಿಗಳನ್ನು ಕಂಡವನು ನಾನು, ಅಲ್ವಾ? ಶನಿವಾರ ಗುರಿ ಅಭ್ಯಾಸಕ್ಕೆ ಅವನ ಜೊತೆ ಹೋಗುತ್ತೇನೆ. ಕಾಡಿಗೆ ಬರುವುದಿಲ್ಲ ಎಂದಿದ್ದೇನೆ.